ನಾಲ್ಕು ಕುರ್ಚಿ, ಒಂದು ಸ್ಟೀಲ್ ಡಬ್ಬಿ: ಗೆಳೆಯರ ಹಾಸ್ಯ ಸಂಜೆಯೊಂದರ ವಿಮರ್ಶೆ

ಕಳೆದ ಶನಿವಾರ ಸಂಜೆ ದಕ್ಷಿಣ ಬೆಂಗಳೂರಿನ ಸಣ್ಣ ರಂಗಮಂದಿರವೊಂದರಲ್ಲಿ ನಾಲ್ವರು ಕನ್ನಡ ಹಾಸ್ಯ ಕಲಾವಿದರು ನಡೆಸಿಕೊಟ್ಟ ಕಾರ್ಯಕ್ರಮಕ್ಕೆ ನನ್ನ ತಾಯಿಯವರನ್ನು ಕರೆದುಕೊಂಡು ಹೋಗಿದ್ದೆ. ಅವರಿಗೆ ಈಗ 74 ವರ್ಷ. ಹಾಸ್ಯ ಲೇಖಕ ಬೀಚಿಯವರು ‘ಸುಧಾ’ ವಾರಪತ್ರಿಕೆಯಲ್ಲಿ ಓದುಗರ ಪ್ರಶ್ನೆಗಳಿಗೆ ಉತ್ತರ ಬರೆಯುತ್ತಿದ್ದ ದಿನಗಳಲ್ಲಿ, ಪತ್ರಿಕೆ ಮನೆಗೆ ಬಂದ ಕೂಡಲೇ ಮೊದಲು ಆ ಪುಟವನ್ನೇ ತೆರೆಯುತ್ತಿದ್ದವರು ಅವರು. ಈ ಕಾರ್ಯಕ್ರಮದ ಉತ್ತರಾರ್ಧವೆಲ್ಲ ಪ್ರೇಕ್ಷಕರ ಪ್ರಶ್ನೆಗಳಿಗೇ ಮೀಸಲು ಎಂದು ಕೇಳಿದ ಮೇಲೆಯೇ, ಮೊಣಕಾಲು ನೋವನ್ನೂ ಲೆಕ್ಕಿಸದೆ ಹೊರಡಲು ಒಪ್ಪಿದರು.

ವೇದಿಕೆಯ ಮೇಲೆ ನಾಲ್ಕು ಮರದ ಕುರ್ಚಿಗಳು, ನಡುವೆ ಒಂದು ಟೀಪಾಯಿ, ಅದರ ಮೇಲೆ ನೀರಿನ ತಂಬಿಗೆ ಮತ್ತು ಒಂದು ಸ್ಟೀಲ್ ಡಬ್ಬಿ ಇದ್ದವೇ ಹೊರತು ಬೇರೆ ಅಲಂಕಾರವೇನೂ ಇರಲಿಲ್ಲ. ಕಲಾವಿದರಲ್ಲಿ ಒಬ್ಬರು ಧಾರವಾಡದ ಕಡೆಯವರು, ಒಬ್ಬರು ಕುಂದಾಪುರದವರು, ಮತ್ತೊಬ್ಬರು ಮಂಡ್ಯದವರು, ನಾಲ್ಕನೆಯವರು ತಿಪಟೂರಿನ ಶಾಲಾ ಮೇಷ್ಟ್ರೊಬ್ಬರ ಮಗಳು. ವೇದಿಕೆಯ ಮೇಲೆ ಅವರು ಊರಿನ ಹೆಸರಿನಿಂದಲೇ ಒಬ್ಬರನ್ನೊಬ್ಬರು ಕರೆದುಕೊಳ್ಳುತ್ತಾರಾದ್ದರಿಂದ ನಾನೂ ಇಲ್ಲಿ ಹಾಗೆಯೇ ಕರೆಯುತ್ತೇನೆ.

ಕನ್ನಡಿಗರಿಗೆ ಹಾಸ್ಯ ಸಂಜೆ ಹೊಸದಲ್ಲ. ಗಣೇಶೋತ್ಸವದ ಪೆಂಡಾಲಿನಲ್ಲಿ, ರಾಜ್ಯೋತ್ಸವದ ಮೈದಾನದಲ್ಲಿ ಗಂಗಾವತಿ ಪ್ರಾಣೇಶ್, ಪ್ರೊಫೆಸರ್ ಕೃಷ್ಣೇಗೌಡ, ರಿಚರ್ಡ್ ಲೂಯಿಸ್ ಅವರಂಥವರ ಮಾತು ಕೇಳಿ ನಕ್ಕು ಬೆಳೆದವರು ನಾವು. ಆದರೆ ಆ ಸಂಜೆಗಳಲ್ಲಿ ಸಾಮಾನ್ಯವಾಗಿ ಒಬ್ಬರ ಮಾತು ಮುಗಿದ ಮೇಲೆ ಇನ್ನೊಬ್ಬರು ಮೈಕಿನ ಮುಂದೆ ಬರುತ್ತಾರೆ, ಉಳಿದವರು ಹಿಂದೆ ಕುಳಿತು ಕೇಳುತ್ತಾರೆ. ಇತ್ತೀಚಿನ ವರ್ಷಗಳಲ್ಲಿ ಬೆಂಗಳೂರಿನಲ್ಲಿ ಬೆಳೆದಿರುವ ಕನ್ನಡ ಸ್ಟ್ಯಾಂಡ್‌ಅಪ್‌ನಲ್ಲಿಯೂ ಮೈಕು ಒಬ್ಬರ ಸೊತ್ತೇ. ಈ ನಾಲ್ವರು ಮಾಡಿರುವುದು ಬೇರೆ. ತನಗೆ ಆದದ್ದನ್ನು ಒಬ್ಬರು ಹೇಳುತ್ತಿರುವಾಗ, ಆ ದಿನ ಅಲ್ಲೇ ಇದ್ದ ಗೆಳೆಯರು ಪಕ್ಕದಲ್ಲೇ ಕುಳಿತಿರುತ್ತಾರೆ; ಸ್ವಲ್ಪ ಉತ್ಪ್ರೇಕ್ಷೆಯಾದರೂ ತಡೆದು ತಿದ್ದುತ್ತಾರೆ. ನಗು ಹುಟ್ಟುವುದು ಆ ತಿದ್ದುಪಡಿಯಲ್ಲಿ.

ಅದಕ್ಕೊಂದು ಉದಾಹರಣೆಯನ್ನು ಸ್ವಲ್ಪ ವಿವರವಾಗಿಯೇ ಕೊಡಬೇಕು. ಧಾರವಾಡದವರು ಮತ್ತು ಕುಂದಾಪುರದವರು ಬೆಂಗಳೂರಿಗೆ ಬಂದ ಹೊಸತರಲ್ಲಿ ಕತ್ರಿಗುಪ್ಪೆಯಲ್ಲಿ ನೆಲಮಹಡಿಯ ಒಂದು ಕೋಣೆಯನ್ನು ಬಾಡಿಗೆಗೆ ಹಿಡಿದಿದ್ದರಂತೆ. ಊರಿನಿಂದ ತಂದ ಕುಕ್ಕರ್ ಇತ್ತು, ಅದರ ವಿಸಲ್ ದಾರಿಯಲ್ಲಿ ಎಲ್ಲೋ ಕಳೆದುಹೋಗಿತ್ತು. ಎರಡನೆಯ ಮಹಡಿಯ ಆಂಟಿಯೊಬ್ಬರು ತಮ್ಮ ಮನೆಯ ಅನ್ನ ಆದ ಮೇಲೆ, ರಾತ್ರಿ ಎಂಟೂವರೆಗೆ, ತಮ್ಮ ಕುಕ್ಕರಿನ ವಿಸಲ್ಲನ್ನು ಇವರಿಗೆ ಕೊಡುತ್ತಿದ್ದರು. ‘ಮ್ಯಾಲಿಂದ ಬೀಸಿ ಒಗೀತಿದ್ರು, ನಾನು ಕ್ಯಾಚ್ ಹಿಡೀತಿದ್ದೆ’ ಎಂದು ಧಾರವಾಡದವರು ಕೈಯೆತ್ತಿ ತೋರಿಸುತ್ತಿದ್ದಂತೆ, ಕುಂದಾಪುರದವರು ತಲೆಯನ್ನೂ ಎತ್ತದೆ, ‘ಬಿಸಾಡುದಲ್ಲ ಮಾರಾಯಾ, ಬುಟ್ಟಿಯಗ್ ಇಟ್ಟ್, ಹಗ್ಗ ಕಟ್ಟಿ ಇಳ್ಸುದ್. ಸಮಾ ಹೇಳ್’ ಎಂದರು. ಸಭೆ ಅಲ್ಲಿಯೇ ಅರ್ಧ ನಕ್ಕಿತು. ಬುಟ್ಟಿ ಎಂಬ ಮಾತು ಬಂದದ್ದೇ ತಡ, ತಿಪಟೂರಿನವರಿಗೆ ಬೇರೊಂದು ರಾತ್ರಿ ನೆನಪಾಯಿತು. ಅಂದು ಅವರೂ ಊಟಕ್ಕೆ ಹೋಗಿದ್ದರಂತೆ. ಇಳಿಯುತ್ತಿದ್ದ ಬುಟ್ಟಿ ಮೊದಲ ಮಹಡಿಯವರ ಕಿಟಕಿಯ ಬಳಿ ಸಿಕ್ಕಿಕೊಂಡಿತು. ಕೆಳಗೆ ತರಕಾರಿ ಗಾಡಿ ಬಂದಿದೆ ಎಂದುಕೊಂಡ ಆ ಮನೆಯ ಅಜ್ಜಿ ಅದರಲ್ಲಿ ಹತ್ತು ರೂಪಾಯಿ ಹಾಕಿ, ಒಂದು ಕಟ್ಟು ಕೊತ್ತಂಬರಿ ಕಳಿಸಲು ಹೇಳಿದರು. ‘ತಂದುಕೊಟ್ರಾ?’ ಎಂದು ಮಂಡ್ಯದವರು ಕೇಳಿದಾಗ ಉಳಿದ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡ ರೀತಿಯನ್ನು ಬರೆದು ತೋರಿಸಲಾಗುವುದಿಲ್ಲ. ತಂದುಕೊಟ್ಟಿದ್ದರು, ಆಮೇಲೆ ಎಂಟು ತಿಂಗಳು ತಂದುಕೊಡುತ್ತಲೇ ಇದ್ದರು. ಕೊನೆಗೆ ಇವರು ತಮ್ಮದೇ ವಿಸಲ್ ಕೊಂಡ ಮೂರನೆಯ ದಿನ ಮೇಲಿನ ಮನೆಯ ಆಂಟಿ ಗಾಬರಿಯಿಂದ ಮೆಟ್ಟಿಲಿಳಿದು ಬಂದು, ‘ಏನ್ರಪ್ಪಾ, ಎರಡು ದಿನದಿಂದ ಉಪವಾಸ ಇದ್ದೀರಾ?’ ಎಂದು ಕೇಳಿದರಂತೆ.

ಈ ಕಥೆಯನ್ನು ಒಬ್ಬರೇ ನಿಂತು ಹೇಳಿದ್ದರೂ ಜನ ನಗುತ್ತಿದ್ದರು ಎಂಬುದರಲ್ಲಿ ಸಂಶಯವಿಲ್ಲ. ಆದರೆ ಮೂವರ ನೆನಪು ಮೂರು ಕಡೆಯಿಂದ ಬಂದು ಸೇರಿದಾಗ ಆ ಕೋಣೆ, ಆ ಮೆಟ್ಟಿಲು, ಆ ಹಗ್ಗ ಎಲ್ಲವೂ ಕಣ್ಣ ಮುಂದೆ ಬಂದವು. ಕುಂದಾಪುರದವರು ತಮ್ಮ ಊರಿನ ತಾಳಮದ್ದಲೆಗಳನ್ನು ಕೇಳಿಕೊಂಡೇ ಬೆಳೆದವರೆಂದು ಮಧ್ಯದಲ್ಲಿ ಹೇಳಿದರು, ಆಗ ನನಗೆ ಈ ಕಾರ್ಯಕ್ರಮದ ಬೇರು ಸಿಕ್ಕಂತಾಯಿತು. ಯಕ್ಷಗಾನದ್ದೇ ಒಂದು ಪ್ರಕಾರವಾದ ತಾಳಮದ್ದಲೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರ ಪದ್ಯ ಮುಗಿದೊಡನೆ ಅರ್ಥಧಾರಿಗಳು ಕುಳಿತಲ್ಲಿಂದಲೇ ಆಶುವಾಗಿ ಮಾತಿಗೆ ಮಾತು ಕೊಡುತ್ತಾರೆ. ಪ್ರಸಂಗ ಎಲ್ಲರಿಗೂ ಗೊತ್ತಿರುವುದೇ, ಮಾತು ಮಾತ್ರ ಆ ಹೊತ್ತಿನದು. ಈ ಗೆಳೆಯರೂ ಪರಸ್ಪರರ ಬದುಕಿನ ಪ್ರಸಂಗಗಳನ್ನು ಬಾಯಿಪಾಠವಾಗುವಷ್ಟು ಬಲ್ಲರು, ಆದರೆ ಇಂದು ಯಾರು ಎಲ್ಲಿ ಬಾಯಿ ಹಾಕುತ್ತಾರೆಂಬುದು ಅವರಿಗೇ ತಿಳಿದಿರುವುದಿಲ್ಲ. ಇಂಥ ಹೊಂದಾಣಿಕೆ ವರ್ಷಗಟ್ಟಲೆ ಒಟ್ಟಿಗೆ ಉಂಡು ಮಲಗಿದವರಿಗಷ್ಟೇ ಬರುತ್ತದೆ ಎಂದು ನಾನು ನಂಬಿದ್ದೇನೆ.

ತಿಪಟೂರಿನವರ ಬಗ್ಗೆ ಪ್ರತ್ಯೇಕವಾಗಿ ಹೇಳದಿದ್ದರೆ ಅನ್ಯಾಯವಾದೀತು. ನಾಲ್ವರಲ್ಲಿ ಅತ್ಯಂತ ಕಡಿಮೆ ಮಾತನಾಡಿದವರು ಅವರು, ಅತ್ಯಂತ ಹೆಚ್ಚು ನೆನಪಿನಲ್ಲಿ ಉಳಿದವರೂ ಅವರೇ. ಅವರ ತಂದೆ ಅವರದೇ ತರಗತಿಯ ಮೇಷ್ಟ್ರು. ಗಣಿತದಲ್ಲಿ ಮಗಳ ಅಂಕ ಕಡಿಮೆಯಾದಾಗ ಶಾಲೆಯಲ್ಲಿ ಅಂಕಪಟ್ಟಿಯ ಮೇಲೆ ‘ಪೋಷಕರು ಹೆಚ್ಚಿನ ಗಮನ ಹರಿಸತಕ್ಕದ್ದು’ ಎಂದು ಕೆಂಪು ಶಾಯಿಯಲ್ಲಿ ಬರೆದರಂತೆ. ಸಂಜೆ ಮನೆಯಲ್ಲಿ ಪಂಚೆಯುಟ್ಟು ಕುಳಿತು, ಅದೇ ಅಂಕಪಟ್ಟಿಯನ್ನು ಮಗಳ ಕೈಯಿಂದ ಪಡೆದು, ಮೊದಲ ಬಾರಿಗೆ ನೋಡುವವರಂತೆ ಪೂರ್ತಿ ಓದಿ, ‘ಗಮನಿಸಲಾಗಿದೆ’ ಎಂದು ನೀಲಿ ಶಾಯಿಯಲ್ಲಿ ಬರೆದು ಸಹಿ ಮಾಡಿ, ‘ನಿಮ್ಮ ಮೇಷ್ಟ್ರು ಹೇಳಿದ್ದು ಸರಿಯಾಗಿದೆಯಮ್ಮ’ ಎಂದರಂತೆ. ಇದನ್ನು ಹೇಳುವಾಗ ಅವರ ದನಿಯಲ್ಲಿ ತಂದೆಯ ಬಗ್ಗೆ ಇದ್ದ ಗೌರವವನ್ನು ಗಮನಿಸಿದೆ. ಸಭೆ ನಕ್ಕಿತು, ಆದರೆ ಆ ಮೇಷ್ಟ್ರು ಯಾರ ಕಣ್ಣಿನಲ್ಲಿಯೂ ಚಿಕ್ಕವರಾಗಲಿಲ್ಲ. ಡಾಕ್ಟರ್ ಶಿವರಾಂ ಅವರು 1942ರಲ್ಲಿ ‘ಕೊರವಂಜಿ’ ಹಾಸ್ಯ ಪತ್ರಿಕೆಯನ್ನು ಆರಂಭಿಸಿದಾಗಿನಿಂದಲೂ ಕನ್ನಡದ ಮಧ್ಯಮ ವರ್ಗದ ಮನೆಗಳು ಈ ಬಗೆಯ ನಗುವನ್ನು ಒಳಗೆ ಬಿಟ್ಟುಕೊಂಡಿವೆ, ಮನೆಯವರೆಲ್ಲ ಒಟ್ಟಿಗೆ ಕುಳಿತು ನಗಬಹುದಾದದ್ದು ಅದು.

ಮಂಡ್ಯದವರು ಆರಂಭದಲ್ಲಿ ಎದ್ದು ನಿಂತು ಹೇಳಿದ ಹದಿನೈದು ನಿಮಿಷಗಳ ಮದುವೆ ಮನೆಯ ಪ್ರಸಂಗ ಮಾತ್ರ ನನಗೆ ಹಿಡಿಸಲಿಲ್ಲ. ಅದು ಪದಪದವೂ ಕಂಠಪಾಠವಾಗಿತ್ತು, ಗೆಳೆಯರಿಗೆ ಮಾತು ಸೇರಿಸಲು ಸಂದಿಯೇ ಇರಲಿಲ್ಲ. ಕುರ್ಚಿಯಲ್ಲಿ ಕುಳಿತ ಮೇಲೆ ಇದೇ ಕಲಾವಿದರು ಬೇರೆಯೇ ಮನುಷ್ಯರಾದರು.

ವಿರಾಮದ ವೇಳೆಗೆ ಸ್ಟೀಲ್ ಡಬ್ಬಿ ಸಭೆಯೊಳಗೆ ಕೈಯಿಂದ ಕೈಗೆ ಸಾಗಿತು. ಪ್ರೇಕ್ಷಕರು ತಮ್ಮ ಪ್ರಶ್ನೆಯನ್ನು ಚೀಟಿಯಲ್ಲಿ ಬರೆದು ಅದರೊಳಗೆ ಹಾಕಬೇಕು, ಹೆಸರು ಬರೆಯುವುದು ಕಡ್ಡಾಯವಲ್ಲ. ಪ್ರಶ್ನೆಗಳನ್ನು ಫೋನಿನ ಮೂಲಕವೂ ಕಳುಹಿಸಬಹುದಿತ್ತಾದರೂ, ಚೀಟಿಯನ್ನೇ ಉಳಿಸಿಕೊಂಡಿರುವುದು ಒಳ್ಳೆಯ ನಿರ್ಧಾರ. ಚೀಟಿಯನ್ನು ಬಿಚ್ಚುವಾಗಿನ ಆ ಎರಡು ಕ್ಷಣದ ಕುತೂಹಲ, ಅಕ್ಷರ ಓದಲಾಗದೆ ನಾಲ್ವರೂ ತಲೆ ಸೇರಿಸುವುದು, ಇವೂ ಕಾರ್ಯಕ್ರಮದ ಭಾಗವೇ ಆಗಿವೆ. ‘ನಿಮ್ಮ ನಾಲ್ವರಲ್ಲಿ ಯಾರಿಗೆ ಸಾಲ ಕೊಟ್ಟರೆ ವಾಪಸ್ ಬರುತ್ತದೆ?’ ಎಂಬ ಚೀಟಿಗೆ ಮೂವರೂ ಕುಂದಾಪುರದವರ ಕಡೆ ಬೆರಳು ತೋರಿಸಿದರು. ಅವರು ಶಾಂತವಾಗಿ, ‘ನನಗೆ ಇವರು ಯಾರೂ ಈವರೆಗೆ ಕೊಟ್ಟೇ ಇಲ್ಲ’ ಎಂದರು. ‘ಮೊದಲನೆಯ ದೋಸೆ ಏಕೆ ಕಾವಲಿಗೆ ಅಂಟಿಕೊಳ್ಳುತ್ತದೆ?’ ಎಂದು ಯಾರೋ ಕೇಳಿದ್ದಕ್ಕೆ ತಿಪಟೂರಿನವರು, ‘ಹೊಸ ಪರಿಚಯ ನೋಡಿ, ಸ್ವಲ್ಪ ಸಂಕೋಚ. ಅಳಿಯಂದಿರದು ಇದಕ್ಕೆ ಉಲ್ಟಾ, ಮೊದಮೊದಲು ಸಲೀಸಾಗಿ ಏಳ್ತಾರೆ, ಆಮೇಲಾಮೇಲೆ ಅಂಟ್ಕೋತಾರೆ’ ಎಂದರು. ನನ್ನ ಹಿಂದಿನ ಸಾಲಿನಲ್ಲಿ ಯಾವುದೋ ಮನೆಯ ಅಳಿಯ ಎಲ್ಲರಿಗಿಂತ ಜೋರಾಗಿ ನಕ್ಕರು.

ಒಂದು ಚೀಟಿಯಲ್ಲಿ ಪ್ರೇಕ್ಷಕರಲ್ಲೇ ಒಬ್ಬರಾಗಿದ್ದ ಮಹಿಳೆಯ ದೇಹದ ಗಾತ್ರದ ಬಗ್ಗೆ ಪ್ರಶ್ನೆಯಿತ್ತೆಂದು ಕಾಣುತ್ತದೆ. ಧಾರವಾಡದವರು ಮೊದಲ ನಾಲ್ಕು ಪದ ಓದಿ ನಿಲ್ಲಿಸಿ, ಚೀಟಿಯನ್ನು ಮಡಚಿ ಜೇಬಿಗೆ ಹಾಕಿಕೊಂಡು, ‘ಮುಂದಿಂದು’ ಎಂದರು, ಅಷ್ಟೇ. ಉಪದೇಶವಿಲ್ಲ, ಬರೆದವರನ್ನು ಹುಡುಕಿ ಹೀಯಾಳಿಸಲಿಲ್ಲ. ಕೆಲವು ತಿಂಗಳ ಹಿಂದೆ ಬೇರೊಂದು ಕಾರ್ಯಕ್ರಮದಲ್ಲಿ ಮುಂದಿನ ಸಾಲಿನ ದಂಪತಿಯನ್ನು ಹಿಡಿದುಕೊಂಡು ಅರ್ಧ ಗಂಟೆ ಗೋಳುಹೊಯ್ದದ್ದನ್ನು ನೋಡಿ ಬೇಸರದಿಂದ ಎದ್ದು ಬಂದಿದ್ದ ನನಗೆ, ಆ ಮಡಚಿದ ಚೀಟಿಯೊಂದೇ ಟಿಕೆಟಿನ ಬೆಲೆಗೆ ಸಾಟಿಯೆನಿಸಿತು. ಪ್ರೇಕ್ಷಕರ ಪ್ರಶ್ನೆಗೆ ಉತ್ತರಿಸುವುದೆಂದರೆ ಪ್ರೇಕ್ಷಕರನ್ನು ಕಿಚಾಯಿಸುವುದು ಎಂದುಕೊಂಡಿರುವವರು ಬಹಳ. ಇವರು ಪ್ರತಿ ಪ್ರಶ್ನೆಯನ್ನೂ ತಮ್ಮ ಮೇಲೆಯೇ ಎಳೆದುಕೊಂಡು, ತಮ್ಮದೇ ಇನ್ನೊಂದು ಕಥೆಯಿಂದ ಉತ್ತರ ಕೊಡುತ್ತಾರೆ.

ನನ್ನ ತಾಯಿಯವರ ಚೀಟಿ ಕೊನೆಯಿಂದ ಮೂರನೆಯದಾಗಿ ಬಂತು. ‘ನೀವು ಏನು ಕೆಲಸ ಮಾಡುತ್ತೀರೆಂದು ನಿಮ್ಮ ತಾಯಂದಿರಿಗೆ ಗೊತ್ತಿದೆಯೇ?’ ಎಂದು ಅವರು ತಮ್ಮ ದುಂಡನೆಯ ಅಕ್ಷರದಲ್ಲಿ ಬರೆದಿದ್ದರು. ನಾಲ್ವರೂ ಒಂದು ಗಳಿಗೆ ಸುಮ್ಮನಾದರು. ಬಳಿಕ ಧಾರವಾಡದವರು ಹೇಳಿದರು: ‘ನಮ್ಮವ್ವ ಊರ ಮಂದಿಗೆಲ್ಲ, ನನ್ನ ಮಗಾ ಬೆಂಗಳೂರಾಗ ಮೈಕಿನ ಕೆಲಸ ಮಾಡ್ತಾನ ಅಂತ ಹೇಳ್ಯಾಳ್ರೀ. ಈಗ ಯಾರ ಮನ್ಯಾಗ ಮದುವಿ ಇದ್ರೂ ನನಗ ಫೋನ್ ಮಾಡಿ, ತಮ್ಮಾ, ಎರಡ ದಿನಕ್ಕ ಬಾಡಿಗಿ ಎಷ್ಟ ಅಂತ ಕೇಳ್ತಾರ.’ ಕುಂದಾಪುರದವರು ಕೂಡಲೇ, ಕಳೆದ ವರ್ಷ ಒಂದು ಮದುವೆಗೆ ಇವರು ನಿಜವಾಗಿಯೂ ಸ್ಪೀಕರ್ ಬಾಡಿಗೆಗೆ ತೆಗೆದುಕೊಂಡು ಬಸ್ಸಿನಲ್ಲಿ ಹೇರಿಕೊಂಡು ಹೋದರೆಂದೂ, ಅವ್ವನ ಮಾತು ಸುಳ್ಳಾಗಬಾರದೆಂಬುದೇ ಅದಕ್ಕೆ ಕಾರಣವೆಂದೂ ಬಯಲು ಮಾಡಿದರು. ಧಾರವಾಡದವರು ನಾಚಿ ತಲೆ ತಗ್ಗಿಸಿದರು. ನನ್ನ ತಾಯಿಯವರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡದ್ದು ನಗುವಿನಿಂದಲೋ ಬೇರೆ ಕಾರಣದಿಂದಲೋ ನಾನು ಕೇಳಲಿಲ್ಲ.

ಇನ್ನು ವ್ಯವಸ್ಥೆಯ ವಿಷಯ. ಟಿಕೆಟಿಗೆ 400 ರೂಪಾಯಿ. ಆನ್‌ಲೈನಿನಲ್ಲಿ ಕಾಯ್ದಿರಿಸಿದರೆ ಅದರ ಮೇಲೆ ಸೇವಾ ಶುಲ್ಕವೂ ಸೇರುತ್ತದೆ, ಅದನ್ನು ಕೊನೆಯ ಪುಟದಲ್ಲಿ ಮಾತ್ರ ತೋರಿಸುವುದು ಸರಿಯಲ್ಲ. ಆರೂವರೆಗೆಂದು ಹೇಳಿದ ಕಾರ್ಯಕ್ರಮ ಏಳಕ್ಕೆ ಐದು ನಿಮಿಷವಿರುವಾಗ ಆರಂಭವಾಯಿತು. ಇದಕ್ಕಿಂತ ಗಂಭೀರವಾದ ಕೊರತೆ ಧ್ವನಿಯದು. ನಾಲ್ವರ ನಡುವೆ ಎರಡೇ ಮೈಕುಗಳಿದ್ದವು. ಒಬ್ಬರ ಮಾತಿನ ಮೇಲೆ ಇನ್ನೊಬ್ಬರು ಮಾತು ಹಾಕುವುದೇ ಜೀವಾಳವಾಗಿರುವ ಕಾರ್ಯಕ್ರಮದಲ್ಲಿ, ಎಷ್ಟೋ ಒಳ್ಳೆಯ ಮಾತುಗಳು ಹಿಂದಿನ ಸಾಲುಗಳಿಗೆ ತಲುಪಲೇ ಇಲ್ಲ. ಮುಂದಿನವರು ನಕ್ಕದ್ದನ್ನು ನೋಡಿ ಹಿಂದಿನವರು ‘ಏನಂದ್ರು, ಏನಂದ್ರು?’ ಎಂದು ಕೇಳುತ್ತಿದ್ದರು. ಪ್ರತಿಯೊಬ್ಬರಿಗೂ ಒಂದೊಂದು ಕಾಲರ್ ಮೈಕು ಒದಗಿಸಬೇಕೆಂದು ಸಂಘಟಕರಲ್ಲಿ ಕಳಕಳಿಯಿಂದ ಕೇಳಿಕೊಳ್ಳುತ್ತೇನೆ.

ಅಲ್ಲಿಯವರೆಗೆ, ಈ ಕಾರ್ಯಕ್ರಮಕ್ಕೆ ಹೋಗುವವರು ಮೊದಲ ಆರು ಸಾಲುಗಳೊಳಗೆ ಜಾಗ ಹಿಡಿಯುವುದು ಕ್ಷೇಮ. ಹಿರಿಯರನ್ನು, ಹತ್ತು ವರ್ಷ ದಾಟಿದ ಮಕ್ಕಳನ್ನು ಯಾವ ಅಳುಕೂ ಇಲ್ಲದೆ ಕರೆದುಕೊಂಡು ಹೋಗಬಹುದು. ಮನೆಯಿಂದಲೇ ಒಂದು ಪೆನ್ನು ಒಯ್ಯಿರಿ. ಬಾಗಿಲ ಬಳಿ ಇಟ್ಟಿರುವ ಪೆನ್ಸಿಲುಗಳು ಅರ್ಧ ಸಭೆಗೂ ಸಾಲುವುದಿಲ್ಲ, ನನ್ನ ತಾಯಿಯವರು ಪಕ್ಕದ ಹುಡುಗಿಯ ಪೆನ್ನಿಗಾಗಿ ವಿರಾಮವಿಡೀ ಕಾಯಬೇಕಾಯಿತು.