‘ಕಂಪ್ಲೀಟ್’ ಸೆಟ್ ಕೊಂಡರೂ ಹಳೇ ಸಿಡಿ ಮಾರಬೇಡಿ

ಹೋವರ್ಡ್ ಶೋರ್ ‘ಲಾರ್ಡ್ ಆಫ್ ದ ರಿಂಗ್ಸ್’ ಚಿತ್ರಗಳಿಗೆ ಮಾಡಿದ ಹಿನ್ನೆಲೆ ಸಂಗೀತದ ‘ಕಂಪ್ಲೀಟ್ ರೆಕಾರ್ಡಿಂಗ್ಸ್’ 2005, 2006, 2007ರಲ್ಲಿ ಒಂದೊಂದಾಗಿ ಬಂದು, 2018ರಲ್ಲಿ ಮತ್ತೆ ಅಚ್ಚಾದವು. ಟ್ರ್ಯಾಕ್ ಪಟ್ಟಿ ಎಲ್ಲ ಕಡೆ ಸಿಗುತ್ತದೆ, ಇಲ್ಲಿ ಬೇಡ. ಇದು ಮುಖ್ಯವಾಗಿ ಮೊದಲ ಭಾಗ ‘ಫೆಲೋಶಿಪ್’ ಸೆಟ್ಟಿನ ಬಗ್ಗೆ, ಬಹಳ ಕಾಲ ಕೇಳಿದ ಮೇಲಿನ ಅಭಿಪ್ರಾಯ.

2001ರಲ್ಲಿ ಚಿತ್ರದ ಜೊತೆ ಬಂದ ಒಂಟಿ ಸಿಡಿಯಲ್ಲಿ ಇದ್ದದ್ದು ಸುಮಾರು 71 ನಿಮಿಷ. ಸೆಟ್ಟಿನ ಮೂರು ಸಿಡಿಯಲ್ಲಿ ಮೂರು ಗಂಟೆ. ಹೆಚ್ಚಿದ್ದು ಉದ್ದ ಮಾತ್ರವಲ್ಲ. ಕೆಟ್ಟ ಮಾಂತ್ರಿಕ ಸರುಮಾನ್‌ನ ಕೋಟೆ ಐಸೆನ್‌ಗಾರ್ಡ್‌ನ ಐದೆಣಿಕೆಯ ಬಡಿತವನ್ನೇ ತೆಗೆದುಕೊಳ್ಳಿ. ಖಂಡಚಾಪು ರೂಢಿಯಿದ್ದವರ ಕೈ ತಾನಾಗಿ ಲೆಕ್ಕ ಹಿಡಿಯುತ್ತದೆ. ಒಂಟಿ ಸಿಡಿಯಲ್ಲಿ ಅದು ಬಂದಷ್ಟೇ ಬೇಗ ಹೋಗುತ್ತದೆ. ಸೆಟ್ಟಿನಲ್ಲಿ ‘ದ ಕ್ಯಾವರ್ನ್ಸ್ ಆಫ್ ಐಸೆನ್‌ಗಾರ್ಡ್’ನಲ್ಲಿ ಅದು ಮೈದುಂಬಿಕೊಂಡು, ಕಬ್ಬಿಣದ ಮೇಲಿನ ಪೆಟ್ಟುಗಳ ಜೊತೆ ಬೆಳೆಯುವುದು ಕೇಳಿಸುತ್ತದೆ. ನೆಲದಡಿಯ ಗಣಿ ಮೋರಿಯಾದ ಭಾಗಕ್ಕೆ ವೆಲ್ಲಿಂಗ್ಟನ್ ಟೌನ್ ಹಾಲ್‌ನಲ್ಲಿ ನ್ಯೂಜಿಲೆಂಡ್ ಸಿಂಫನಿ ಆರ್ಕೆಸ್ಟ್ರಾ ನುಡಿಸಿದೆ, ಗಂಡಸರ ಕೋರಸ್ಸೂ ಅಲ್ಲಿಯದೇ. ಉಳಿದ ಬಹುಪಾಲು ಲಂಡನ್ ಫಿಲ್‌ಹಾರ್ಮೋನಿಕ್‌ನದು. ಎಲ್ಫ್‌ಗಳ ಕಾಡು ಲೋಥ್ಲೋರಿಯನ್‌ನ ಸಂಗೀತದಲ್ಲಿ ನಮ್ಮ ಸಾರಂಗಿ ಇದೆ. ಚಿತ್ರದಲ್ಲಿ ಮಾತಿನ ಕೆಳಗೆ ಮುಚ್ಚಿಹೋಗುವ ಅದು ಹೆಡ್‌ಫೋನ್‌ನಲ್ಲಿ ಸ್ಪಷ್ಟ.

ಕೇಳುವಾಗ ಡಗ್ ಆಡಮ್ಸ್ ಬರೆದ ‘ಆನೊಟೇಟೆಡ್ ಸ್ಕೋರ್’ ಟಿಪ್ಪಣಿ ಪಕ್ಕದಲ್ಲಿರಲಿ. ಯಾವ ಟ್ರ್ಯಾಕ್‌ನಲ್ಲಿ ಯಾವ ಧಾಟಿ, ಯಾವ ವಾದ್ಯ ಎಂದು ಅದರಲ್ಲಿ ವಿವರವಾಗಿದೆ. ಒಂದು ಕೂತಿಗೆ ಒಂದೇ ಸಿಡಿ ಸಾಕು. ಮೊದಲು ಓದಿ, ಆಮೇಲೆ ಪುಟ ಮುಚ್ಚಿ ಕೇಳುವುದೇ ಒಳ್ಳೆಯದು. ಜೊತೆಜೊತೆಗೆ ಓದಿದರೆ ಕಿವಿ ಸೋಮಾರಿಯಾಗುತ್ತದೆ. ಭಾನುವಾರ ಮಧ್ಯಾಹ್ನ, ಊಟ ಮುಗಿದು ಬೀದಿಯ ಸದ್ದು ತಗ್ಗಿದ ಹೊತ್ತು ಇದಕ್ಕೆ ಹೇಳಿ ಮಾಡಿಸಿದ್ದು.

ಫೋನಿಗೋ ಕಂಪ್ಯೂಟರಿಗೋ ಇಳಿಸಿಕೊಳ್ಳುವವರು ಒಂದು ವಿಷಯ ಗಮನಿಸಿ. ಇಲ್ಲಿ ಹಲವು ಟ್ರ್ಯಾಕ್‌ಗಳು ನಡುವೆ ಮೌನವಿಲ್ಲದೆ ಮುಂದಿನದಕ್ಕೆ ಹರಿಯುತ್ತವೆ. ಎಂಪಿ3 ಮಾಡಿದರೆ ಎನ್‌ಕೋಡರ್ ಪ್ರತಿ ಫೈಲಿನ ತುದಿಗೆ ಚೂರು ನಿಶ್ಶಬ್ದ ಸೇರಿಸುತ್ತದೆ. ಪ್ಲೇಯರ್ ಅದನ್ನು ಕತ್ತರಿಸದಿದ್ದರೆ ಸರಿಯಾಗಿ ಕೋರಸ್ ಏರುವ ಜಾಗದಲ್ಲೇ ಎಡವಿದಂತಾಗುತ್ತದೆ. ಸದ್ದಿನ ಗುಣ ಕಳೆಯದ ಫ್ಲ್ಯಾಕ್ ಫೈಲಿಗೆ ಇಳಿಸಿ, ಪ್ಲೇಯರ್‌ನಲ್ಲಿ ಗ್ಯಾಪ್‌ಲೆಸ್ (ಟ್ರ್ಯಾಕ್‌ಗಳ ನಡುವೆ ಬಿಡುವಿಲ್ಲದ ಪ್ಲೇ) ಆನ್ ಮಾಡಿ, ಒಂದು ಟ್ರ್ಯಾಕ್ ತಗ್ಗುತ್ತ ಇನ್ನೊಂದರಲ್ಲಿ ಬೆರೆಯುವ ಕ್ರಾಸ್‌ಫೇಡ್ ಆಫ್ ಮಾಡಿ. ಫೈಲುಗಳಿಗೆ ತುಂಬುವ ಮಾಹಿತಿಯಲ್ಲಿ ಮೂರೂ ಸಿಡಿಗೆ ಆಲ್ಬಂ ಹೆಸರು ಮತ್ತು ಆಲ್ಬಂ ಆರ್ಟಿಸ್ಟ್ ಅಕ್ಷರಶಃ ಒಂದೇ ಇರಲಿ, ಡಿಸ್ಕ್ ನಂಬರ್ ತಪ್ಪದೆ ತುಂಬಿ. ಇಲ್ಲದಿದ್ದರೆ ಮೂರು ಸಿಡಿಯ ಒಂದನೇ ಟ್ರ್ಯಾಕ್‌ಗಳು ಒಟ್ಟಿಗೆ ಬಂದು ಕೂರುತ್ತವೆ.

2005ರ ಹಳೇ ಸೆಟ್ಟಿನಲ್ಲಿ ಸುತ್ತಲಿನ ಸ್ಪೀಕರ್‌ಗಳಿಗೆಂದು ಕೊಟ್ಟ ಸರೌಂಡ್ ಡಿಸ್ಕ್ ತಲೆನೋವಿನದು. ಎರಡು ಮುಖದ ಡಿವಿಡಿ. ಒಂದು ಕಡೆ ಹೆಚ್ಚು ಗುಣಮಟ್ಟದ ಡಿವಿಡಿ-ಆಡಿಯೊ, ಇನ್ನೊಂದು ಕಡೆ ಸಾಧಾರಣ ಪ್ಲೇಯರ್‌ಗಳಿಗೆ ಡಾಲ್ಬಿ. ಡಿವಿಡಿ-ಆಡಿಯೊ ಓದುವ ಪ್ಲೇಯರ್ ಈಗ ಎಲ್ಲಿದೆ? 2018ರ ಸೆಟ್ಟಿನಲ್ಲಿ ಆ ಜಾಗಕ್ಕೆ ಬ್ಲೂ-ರೇ ಬಂದಿದೆ. ಡಿಸ್ಕ್ ಬದಲಿಸದೆ ಇಡೀ ಚಿತ್ರದ ಸಂಗೀತ ಕೇಳಬಹುದು. ಎಲ್‌ಪಿ ಆಸೆಯಿದ್ದರೆ ಲೆಕ್ಕ ಹಾಕಿ: ‘ಫೆಲೋಶಿಪ್’ ಐದು ಪ್ಲೇಟು, ಹತ್ತು ಮುಖ. ಅಂದರೆ ಹದಿನೆಂಟು ನಿಮಿಷಕ್ಕೊಮ್ಮೆ ಏಳಬೇಕು. ಕೆಂಪು ಪ್ಲೇಟು ನೋಡಲು ಚಂದ, ನನ್ನ ದುಡ್ಡು ಬ್ಲೂ-ರೇಗೇ.

ಇಷ್ಟೆಲ್ಲ ಹೊಗಳಿದ ಮೇಲೆ ತಕರಾರಿಗೆ ಬರೋಣ. ಹೆಸರು ‘ಕಂಪ್ಲೀಟ್’, ಆದರೆ ಅದು ವಿಸ್ತೃತ ಚಿತ್ರದಲ್ಲಿ (ಥಿಯೇಟರ್‌ಗೆ ಬಂದದ್ದಕ್ಕಿಂತ ಉದ್ದದ ಆವೃತ್ತಿಯಲ್ಲಿ) ಕೇಳಿಸುವ ಸಂಗೀತಕ್ಕೆ ಮಾತ್ರ ಕಂಪ್ಲೀಟ್. ಶೋರ್ ಬರೆದು ರೆಕಾರ್ಡ್ ಮಾಡಿದ್ದೆಲ್ಲ ಇಲ್ಲಿಲ್ಲ. 2001ರ ಸಿಡಿಯ ಮೊದಲ ಟ್ರ್ಯಾಕ್ ‘ದ ಪ್ರಾಫೆಸಿ’ ಹಾಕಿ, ಆಮೇಲೆ ಸೆಟ್ಟಿನ ‘ಪ್ರೊಲಾಗ್’ ಕೇಳಿ. ಎರಡೂ ಚಿತ್ರದ ಪೀಠಿಕೆಗೆ ಮಾಡಿದವೇ, ಆದರೆ ಸಂಗೀತ ಬೇರೆ. ಮೊದಲನೆಯದನ್ನು ಚಿತ್ರದಲ್ಲಿ ಬಳಸಲಿಲ್ಲ, ಹಾಗಾಗಿ ಸೆಟ್ಟಿನಲ್ಲಿ ಅದಕ್ಕೆ ಜಾಗವಿಲ್ಲ. ಒಂಟಿ ಸಿಡಿ ಮಾರಿದವರು ಅದನ್ನು ಕಳೆದುಕೊಂಡ ಹಾಗೇ. 2010ರಲ್ಲಿ ಆಡಮ್ಸ್ ಪುಸ್ತಕದ ಜೊತೆ ‘ರಾರಿಟೀಸ್ ಆರ್ಕೈವ್’ ಎಂಬ ಸಿಡಿ ಬಂತು, ಕೈಬಿಟ್ಟ ಕೆಲವು ರೂಪಗಳು ಅಲ್ಲಿ ಸೇರಿದವು. ಒಂದೇ ಸಂಗೀತಕ್ಕೆ ಮೂರು ಕಡೆ ದುಡ್ಡು ಸುರಿಯಬೇಕು ಎಂದಾಯಿತು. ಸೆಟ್ಟಿಗೆ ಇನ್ನೊಂದು ಸಿಡಿ ಸೇರಿಸಿದ್ದರೆ ಯಾರ ಗಂಟು ಹೋಗುತ್ತಿತ್ತು?

ಇಲ್ಲಿಗೆ ತರಿಸುವವರಿಗೆ: ಕಸ್ಟಮ್ಸ್‌ನವರು ಸುಂಕ ಹಾಕುವುದು ಸಾಮಾನಿನ ಬೆಲೆಗಷ್ಟೇ ಅಲ್ಲ, ಸಾಗಣೆ ವೆಚ್ಚವೂ ಆ ಲೆಕ್ಕಕ್ಕೆ ಸೇರುತ್ತದೆ. ಕೊರಿಯರ್‌ನವರ ಶುಲ್ಕ ಬೇರೆ. ಸೆಕೆಂಡ್ ಹ್ಯಾಂಡ್ ಕೊಳ್ಳುವುದಾದರೆ ಪ್ರತಿ ಡಿಸ್ಕಿನ ಹೊಳಪಿನ ಮುಖದ ಫೋಟೊ ಕೇಳಿ, ಎರಡು ಮುಖದ ಡಿವಿಡಿಗಾದರೆ ಎರಡೂ ಕಡೆಯದು. ಕರಾವಳಿ, ಮಲೆನಾಡಿನ ಮನೆಗಳಲ್ಲಿ ಮಳೆಗಾಲಕ್ಕೆ ಡಿಸ್ಕಿಗಿಂತ ಮೊದಲು ಬೂಷ್ಟು ಹಿಡಿಯುವುದು ಪುಸ್ತಿಕೆಗೆ. ಸಿಲಿಕಾ ಜೆಲ್ ಪೊಟ್ಟಣ ಹಾಕಿದ ಗಾಳಿಯಾಡದ ಡಬ್ಬದಲ್ಲಿಡಿ.

ಕೈಯಲ್ಲಿ ದುಡ್ಡು ಕಡಿಮೆಯಿದ್ದರೆ ಮೊದಲು 2001ರ ಸಿಡಿ, ಆಮೇಲೆ ‘ಫೆಲೋಶಿಪ್’ ಸೆಟ್. ಮೂರೂ ಭಾಗ ಒಟ್ಟಿಗೆ ಕೊಳ್ಳುವ ಅವಸರವೇನಿಲ್ಲ. ಇದೇ ಶೋರ್ ಸಂಗೀತ ಕೊಟ್ಟ ‘ಹಾಬಿಟ್’ ಚಿತ್ರಗಳ ಎರಡೆರಡು ಸಿಡಿಯ ಸ್ಪೆಷಲ್ ಎಡಿಷನ್‌ಗಳೇ ಸಾಕು ಎನ್ನುವವರು ಮೊದಲ ಚಿತ್ರದ ಕೊನೆಯಲ್ಲಿ ಕುಳ್ಳರ ನಾಯಕ ಥೋರಿನ್ ಉರಿಯುವ ಮರದಿಂದ ಇಳಿದು ಬರುವ ದೃಶ್ಯ ನೋಡಿ, ಅದರ ಬೆನ್ನಿಗೇ ಆಲ್ಬಂನ ‘ಔಟ್ ಆಫ್ ದ ಫ್ರೈಯಿಂಗ್-ಪ್ಯಾನ್’ ಹಾಕಿ. ಚಿತ್ರದಲ್ಲಿ ಅಲ್ಲಿ ಕೇಳುವುದು ‘ಲಾರ್ಡ್ ಆಫ್ ದ ರಿಂಗ್ಸ್’ ಚಿತ್ರಗಳಲ್ಲಿ ಕರಿ ನಿಲುವಂಗಿಯ ಪ್ರೇತಸವಾರರಾದ ರಿಂಗ್‌ರೈತ್‌ಗಳಿಗೆ ಬಳಸಿದ ಕೋರಸ್, ಆಲ್ಬಂನಲ್ಲಿ ಬೇರೆಯದೇ. ‘ಹಾಬಿಟ್’ಗೂ ಪೂರ್ತಿ ಸೆಟ್ ಬರುವುದಾದರೆ ಎರಡೂ ರೂಪ ಒಂದೇ ಪೆಟ್ಟಿಗೆಯಲ್ಲಿ ಕೊಡಲಿ, ಕಾಸು ಎತ್ತಿಡುತ್ತೇನೆ.