ಇನ್‌ಕ್ಯುಬೇಟರ್ ಕಟ್ಟಡಕ್ಕೆ ತೊಟ್ಟಿ ಅಂಗಳವೋ, ಹಸಿರು ಗೋಡೆಯೋ?

ಇನ್‌ಕ್ಯುಬೇಟರ್, ಅಂದರೆ ಹೊಸ ಸ್ಟಾರ್ಟಪ್‌ಗಳು ಕೂತು ನೆರವು ಪಡೆದು ಬೆಳೆಯುವ ಕಟ್ಟಡದೊಳಗೆ ಹಸಿರು ಬೇಕು, ನಡುವೆ ಆಕಾಶಕ್ಕೆ ತೆರೆದ ತೊಟ್ಟಿ ಅಂಗಳ ಮಾಡಿಸಲೋ, ಗೋಡೆಯ ಮೇಲೇ ಗಿಡ ಬೆಳೆಸುವ ಹಸಿರು ಗೋಡೆ ಮಾಡಿಸಲೋ ಎಂದು ಕೇಳಿದ್ದೀರಿ. ಮೊದಲು ಜಾಗ ನೋಡಿ. ಅಂಗಳಕ್ಕೆ ಜಾಗ ಬಿಟ್ಟರೆ ಪ್ರತಿ ಅಂತಸ್ತಿನಲ್ಲೂ ಬಾಡಿಗೆ ತರುವ ಜಾಗ ಹೋಗುತ್ತದೆ. ಹಸಿರು ಗೋಡೆಗೆ ಆ ತೊಂದರೆ ಇಲ್ಲ.

ಖರ್ಚಿನ ಲೆಕ್ಕ ಉಲ್ಟಾ. ಅಂಗಳದ ಖರ್ಚು ಬಹುಪಾಲು ಕಟ್ಟುವಾಗಲೇ ಮುಗಿಯುತ್ತದೆ, ಆಮೇಲೆ ಗುಡಿಸಿ ಗಿಡಕ್ಕೆ ನೀರು ಹಾಕಿದರೆ ಸಾಕು, ಬಿಸಿ ಗಾಳಿ ಮೇಲೆ ಹೋಗಿ ಒಳಗೆ ತಂಪಿರುತ್ತದೆ, ಹಗಲಲ್ಲಿ ಲೈಟೂ ಅಷ್ಟಾಗಿ ಬೇಡ. ಗೋಡೆಗೆ ಹನಿ ನೀರಾವರಿ, ಪಂಪು, ಗೊಬ್ಬರ, ಬಿಸಿಲು ಬೀಳದ ಕಡೆ ಗಿಡಕ್ಕೆಂದೇ ಲೈಟು. ಬೇಸಿಗೆಯಲ್ಲಿ ಪಂಪು ಕೆಟ್ಟರೆ ಕೆಲವೇ ದಿನದಲ್ಲಿ ಗಿಡ ಒಣಗುತ್ತದೆ. ಹಿಂದಿನ ಗೋಡೆಗೆ ವಾಟರ್‌ಪ್ರೂಫಿಂಗ್ ಮರೆತರಂತೂ ತೇವ ಇಳಿಯುತ್ತದೆ.

ಜನ ಸೇರುವುದು ಮುಖ್ಯ ಅಲ್ವಾ? ಬೆಂಗಳೂರಿನ ಐಐಎಂ ಆವರಣ ನೋಡಿ ಬನ್ನಿ. ವಾಸ್ತುಶಿಲ್ಪಿ ಬಿ.ವಿ. ದೋಶಿ ಅದನ್ನು ಕಲ್ಲಿನ ಗೋಡೆ, ಅಂಗಳ, ಉದ್ದನೆಯ ಪಡಸಾಲೆಗಳಿಂದ ರೂಪಿಸಿದರು. ಆ ಐಐಎಂನದೇ ಎನ್‌ಎಸ್‌ಆರ್‌ಸಿಇಎಲ್ ಎಂಬ ಇನ್‌ಕ್ಯುಬೇಟರ್ ಇರುವುದೂ ಅಲ್ಲೇ. ನಡೆಯುತ್ತಾ ಎದುರಾದವರು ಸುಮ್ನೆ ಮಾತಿಗೆ ನಿಲ್ಲುತ್ತಾರಲ್ಲ, ಆ ಗುಣ ಹಸಿರು ಗೋಡೆಗೆ ಬರುವುದಿಲ್ಲ.

ಹೊಸದಾಗಿ ಕಟ್ಟುತ್ತಿದ್ದೀರಿ, ಸೈಟ್ ದೊಡ್ಡದಿದೆ ಎಂದರೆ ಅಂಗಳವನ್ನೇ ಮಾಡಿಸಿ. ಬಾಡಿಗೆ ಕಟ್ಟಡ, ಅಥವಾ ಸುತ್ತ ಗೋಡೆ ಒತ್ತಿಕೊಂಡಿರುವ ಚಿಕ್ಕ ಸೈಟ್ ಆದರೆ ಹಸಿರು ಗೋಡೆ, ಆದರೆ ನೋಡಿಕೊಳ್ಳಲು ಮಾಲಿ ಸಿಕ್ಕ ಮೇಲೆಯೇ.