ಬೊಟಾಕ್ಸೋ, ಫಿಲ್ಲರೋ, ಪೀಲೋ, ಬರೀ ಕ್ರೀಮೋ: ನಾನು ಮಾಡಿಸಿ ನೋಡಿದ್ದು

"ಮಿಸ್, ಇವತ್ತೂ ಕೋಪನಾ?" ಆರನೇ ಕ್ಲಾಸಿನ ಹುಡುಗಿಯೊಬ್ಬಳು ಹೋಂವರ್ಕ್ ಪುಸ್ತಕ ಚಾಚುತ್ತಾ ಮೆಲ್ಲಗೆ ಕೇಳಿದಳು. ನನಗೆ ಯಾವ ಕೋಪವೂ ಇರಲಿಲ್ಲ. ಹುಬ್ಬುಗಳ ನಡುವೆ ಎರಡು ಗೆರೆ ಆಳವಾಗಿ ಕೂತಿದ್ದವು, ಅಷ್ಟೇ. ಆಗ ನನಗೆ 44 ವರ್ಷ. ಮಗು ನನ್ನ ಹತ್ತಿರ ಬರೋಕೆ ಅಂಜಿತಲ್ಲ ಅನ್ನೋದು ಬಹಳ ದಿನ ಮನಸ್ಸಿನಲ್ಲಿ ಉಳಿಯಿತು.

ಈಗ 48. ಈ ನಾಲ್ಕು ವರ್ಷದಲ್ಲಿ ತುಮಕೂರಿನಿಂದ ಬೆಂಗಳೂರಿಗೆ ರೈಲಿನಲ್ಲಿ ಓಡಾಡಿ, ಮುಖದ ಸುಕ್ಕು, ಕಲೆಗೆ ಆಪರೇಷನ್ ಇಲ್ಲದ ಐದು ಚಿಕಿತ್ಸೆ ಮಾಡಿಸಿ ನೋಡಿದ್ದೇನೆ. ಎಲ್ಲವೂ ನನ್ನ ಸಂಬಳದ ದುಡ್ಡು. ಆದ್ದರಿಂದ ಯಾವುದಕ್ಕೆ ಎಷ್ಟು ಕೊಟ್ಟೆ, ಏನು ಸಿಕ್ಕಿತು ಅಂತ ಡೈರಿಯಲ್ಲಿ ಬರೆದಿಟ್ಟಿದ್ದೇನೆ.

"ಯಾವುದು ಬೆಸ್ಟ್?" ಅಂತ ಸ್ಟಾಫ್ ರೂಮಿನಲ್ಲಿ ಎಲ್ಲರೂ ಕೇಳುತ್ತಾರೆ. ನಾನೂ ಡಾಕ್ಟರಿಗೆ ಮೊದಲು ಕೇಳಿದ್ದು ಅದನ್ನೇ. ಅವರು ಕೈಗೆ ಕನ್ನಡಿ ಕೊಟ್ಟು, ಹುಬ್ಬು ಗಂಟು ಹಾಕಿ ಅಂದರು. ಆಮೇಲೆ ಸುಮ್ನೆ ಇರಿ ಅಂದರು. ಆಮೇಲೆ ಕಿಟಕಿ ಕಡೆ ತಿರುಗಿ ಕೆನ್ನೆಯ ಬಣ್ಣ ನೋಡಿಕೊಳ್ಳಿ ಅಂದರು. ಮುಖಕ್ಕೆ ವಯಸ್ಸಾಗುವುದು ಒಂದೇ ದಾರಿಯಲ್ಲಲ್ಲ. ಸ್ನಾಯು ಮಡಚಿ ಮಡಚಿ ಬೀಳುವ ಗೆರೆ ಒಂದು. ಒಳಗಿನ ಕೊಬ್ಬು ಕರಗಿ ಬೀಳುವ ಗುಳಿ ಇನ್ನೊಂದು. ಬಿಸಿಲು ತಿಂದು ಚರ್ಮ ಮಾಸಿ ಒರಟಾಗುವುದು ಮತ್ತೊಂದು. ಒಂದಕ್ಕೆ ಇರುವ ಮದ್ದು ಇನ್ನೊಂದಕ್ಕೆ ನಾಟುವುದಿಲ್ಲ. ಇದು ಮೊದಲೇ ಗೊತ್ತಿದ್ದರೆ ನನ್ನ ಅರ್ಧ ದುಡ್ಡು ಉಳಿಯುತ್ತಿತ್ತು.

ಶುರು ಮಾಡಿದ್ದೇ ತಪ್ಪು ಕಡೆಯಿಂದ. ದೀಪಾವಳಿಗೆ ಮುಂಚೆ ಮನೆ ಹತ್ತಿರದ ಒಂದು ಪಾರ್ಲರಿನಲ್ಲಿ ಗ್ಲೈಕೋಲಿಕ್ ಪೀಲ್ ಮಾಡಿಸಿದೆ, ಅಂದರೆ ಆಸಿಡ್ ಹಚ್ಚಿ ಚರ್ಮದ ಮೇಲ್ಪದರ ಸುಲಿಸುವುದು. ಗ್ಲೈಕೋಲಿಕ್ ಆಸಿಡ್ ಕಬ್ಬಿನಲ್ಲೂ ಇರುತ್ತೆ, ಹಾಗಾಗಿ "ನ್ಯಾಚುರಲ್ ಮೇಡಂ, ಏನೂ ಆಗಲ್ಲ" ಅಂದರು. ಎಷ್ಟು ಪರ್ಸೆಂಟ್ ಅಂತ ನಾನು ಕೇಳಲಿಲ್ಲ, ಅವರು ಹೇಳಲಿಲ್ಲ. ಉರಿಯುತ್ತಿದೆ ಅಂದರೂ ಇನ್ನೆರಡು ನಿಮಿಷ ಅಂದರು. ಮಾರನೇ ದಿನ ಎಂದಿನಂತೆ ಸ್ಕೂಟರಿನಲ್ಲಿ ಶಾಲೆಗೆ ಹೋದೆ. ವಾರದೊಳಗೆ ಎರಡೂ ಕೆನ್ನೆ ಕಪ್ಪಿಟ್ಟವು. ಹೋಗಲು ಐದು ತಿಂಗಳು ಹಿಡಿಯಿತು. ನಮ್ಮಂಥ ಕಂದು ಚರ್ಮಕ್ಕೆ ಬೇಗ ಸುಕ್ಕು ಬೀಳುವುದಿಲ್ಲ, ಬಣ್ಣದ ಅಂಶ ಕಾಪಾಡುತ್ತೆ. ಆದರೆ ಸ್ವಲ್ಪ ಸುಟ್ಟರೂ, ಗಾಯವಾದರೂ ಅದೇ ಬಣ್ಣ ಕಲೆಯಾಗಿ ಕೂರುತ್ತೆ. ಇದನ್ನು ಪಾರ್ಲರಿನಲ್ಲಿ ಯಾರೂ ಹೇಳಲಿಲ್ಲ.

ಆ ಕಲೆ ತೋರಿಸಲು ಹೋಗಿಯೇ ನನಗೆ ಚರ್ಮದ ಡಾಕ್ಟರ್ ಸಿಕ್ಕಿದ್ದು. ಅವರು ಕೊಟ್ಟ ಮೊದಲ ಚೀಟಿಯಲ್ಲಿ ಇದ್ದದ್ದು ಎರಡೇ: ರಾತ್ರಿಗೆ ಟ್ರೆಟಿನೋಯಿನ್ 0.025 ಪರ್ಸೆಂಟ್ ಕ್ರೀಮ್, ಹಗಲಿಗೆ ಸನ್‌ಸ್ಕ್ರೀನ್. ಇಷ್ಟಕ್ಕೆ ಬೆಂಗಳೂರಿಗೆ ಬರಬೇಕಿತ್ತಾ ಅಂತ ಬೇಸರವಾಯಿತು. ಈಗ ಹೇಳುತ್ತೇನೆ, ಐದರಲ್ಲಿ ನನಗೆ ಅತಿ ಹೆಚ್ಚು ಕೊಟ್ಟದ್ದು ಇದೇ.

ಟ್ರೆಟಿನೋಯಿನ್ ಎ ವಿಟಮಿನ್ ಜಾತಿಯ ಔಷಧಿ. ಅಮೆರಿಕದಲ್ಲಿ 1971ರಲ್ಲಿ ಮೊಡವೆಗೆ ಅಂತ ಬಂತು. ಹಚ್ಚಿಕೊಂಡ ವಯಸ್ಸಾದವರು ಮುಖ ನಯವಾಗಿದೆ ಅಂದರಂತೆ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಡಾ. ಆಲ್ಬರ್ಟ್ ಕ್ಲಿಗ್ಮನ್ ಅದನ್ನು ಬೆನ್ನು ಹತ್ತಿದರು. ಇದೇ ಮನುಷ್ಯ ಫಿಲಡೆಲ್ಫಿಯಾದ ಹೋಮ್ಸ್‌ಬರ್ಗ್ ಜೈಲಿನ ಕೈದಿಗಳ ಮೇಲೆ ಎಷ್ಟೋ ಪ್ರಯೋಗ ಮಾಡಿದವರು. ಅದನ್ನು ಓದಿದ ಮೇಲೆ ಟ್ಯೂಬ್ ಕೈಗೆತ್ತಿಕೊಂಡಾಗಲೆಲ್ಲ ಆ ಜನ ನೆನಪಾಗುತ್ತಾರೆ.

ಬಳಸುವ ರೀತಿ ಮುಖ್ಯ. ಇಡೀ ಮುಖಕ್ಕೆ ಬಟಾಣಿ ಕಾಳಿನಷ್ಟು ಸಾಕು. ನಾನು ವಾರಕ್ಕೆ ಎರಡು ರಾತ್ರಿಯಿಂದ ಶುರು ಮಾಡಿದೆ. ಮೊದಲ ಆರು ವಾರ ತುಟಿಯ ಪಕ್ಕ ಸಿಪ್ಪೆ ಎದ್ದಿತು, ಸ್ನಾನದ ಬಿಸಿನೀರು ತಾಗಿದರೂ ಉರಿ. ಬಹಳ ಜನ ಬಿಟ್ಟುಬಿಡುವುದು ಇಲ್ಲೇ. ಮೂರು ತಿಂಗಳಿಗೆ ಚರ್ಮ ನುಣುಪಾಯಿತು. ಆರು ತಿಂಗಳಿಗೆ ಕಣ್ಣಿನ ಅಂಚಿನ ಸಣ್ಣ ಗೆರೆಗಳು ಮಸುಕಾದವು. ಬಸುರಿಯರು, ಮಗುವಿಗೆ ತಯಾರಾಗುತ್ತಿರುವವರು ಮಾತ್ರ ಇದನ್ನು ಮುಟ್ಟಬಾರದು.

ಸನ್‌ಸ್ಕ್ರೀನ್ ಬಗ್ಗೆ ನನಗೆ ನಂಬಿಕೆ ಬರಿಸಿದ್ದು ಒಂದು ಫೋಟೋ. 2012ರಲ್ಲಿ ಅಮೆರಿಕದ ಒಂದು ವೈದ್ಯಕೀಯ ಪತ್ರಿಕೆಯಲ್ಲಿ ಬಂದದ್ದು. 69 ವರ್ಷದ ಚಾಲಕ, 28 ವರ್ಷ ಟ್ರಕ್ ಓಡಿಸಿದವನು. ಅಲ್ಲಿ ಚಾಲಕ ಕೂರುವುದು ಎಡಗಡೆ. ಕಿಟಕಿ ಕಡೆಗಿದ್ದ ಎಡಕೆನ್ನೆ ಬಲಕೆನ್ನೆಗಿಂತ ಎಷ್ಟೋ ವರ್ಷ ಮುದಿಯಾಗಿ, ದಪ್ಪಗೆ ಸುಕ್ಕುಗಟ್ಟಿ ಕಾಣುತ್ತೆ. ಬಿಸಿಲಿನ ಯುವಿಎ ಕಿರಣ ಗಾಜು ದಾಟಿ ಬರುತ್ತೆ ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ? ನಾನು 20 ವರ್ಷ ಬರೀ ದುಪಟ್ಟಾ ಕಟ್ಟಿಕೊಂಡು ಸ್ಕೂಟರ್ ಓಡಿಸಿದ್ದೇನೆ.

ಕ್ರೀಮಿಗೆ ಜಗ್ಗದ ಗೆರೆ ಅಂದರೆ ಆ ಹುಬ್ಬಿನ ನಡುವಿನದ್ದು. ಅದು ಸ್ನಾಯುವಿನ ಕೆಲಸ. ಅದಕ್ಕೆ ಬೊಟಾಕ್ಸ್ ಅನ್ನೋ ಇಂಜೆಕ್ಷನ್.

ಇದರ ಕಥೆ ಕೆನಡಾದ ವ್ಯಾಂಕೂವರಿನದ್ದು. ಜೀನ್ ಕರೂಥರ್ಸ್ ಕಣ್ಣಿನ ಡಾಕ್ಟರ್, ಗಂಡ ಅಲಸ್ಟೇರ್ ಚರ್ಮದ ಡಾಕ್ಟರ್. ರೆಪ್ಪೆ ಅದುರುವ ಕಾಯಿಲೆಗೆ ಇದನ್ನು ಚುಚ್ಚಿಸಿಕೊಂಡ ರೋಗಿಯ ಹುಬ್ಬಿನ ಗೆರೆಯೂ ಮಾಯವಾದದ್ದನ್ನು 1987ರಲ್ಲಿ ಗಮನಿಸಿದರು. 1992ರಲ್ಲಿ ಇಬ್ಬರೂ ಸೇರಿ ಲೇಖನ ಬರೆದರು. 2002ರಲ್ಲಿ ಅಮೆರಿಕ ಈ ಗೆರೆಗೆ ಅಂತಲೇ ಒಪ್ಪಿಗೆ ಕೊಟ್ಟಿತು. ನರದಿಂದ ಸ್ನಾಯುವಿಗೆ ಹೋಗುವ ಸಂದೇಶವನ್ನು ಅದು ತಡೆಯುತ್ತೆ. ಸ್ನಾಯು ಎಳೆಯುವುದಿಲ್ಲ, ಚರ್ಮ ಮಡಚುವುದಿಲ್ಲ.

ನನಗೆ ಐದು ಕಡೆ ಚುಚ್ಚಿ 20 ಯೂನಿಟ್ ಹಾಕಿದರು. ಯೂನಿಟ್ಟಿಗೆ 350 ರೂಪಾಯಿಯಂತೆ 7,000. ಇರುವೆ ಕಚ್ಚಿದಷ್ಟು ನೋವು. ನಾಲ್ಕು ಗಂಟೆ ಮಲಗಬೇಡಿ, ಹಣೆ ತಿಕ್ಕಬೇಡಿ ಅಂದರು, ಹಾಗಾಗಿ ರೈಲಿನಲ್ಲಿ ನೆಟ್ಟಗೆ ಕೂತು ಬಂದೆ. ಮೂರು ದಿನ ಏನೂ ಇಲ್ಲ. ಐದನೇ ದಿನ ಹುಬ್ಬು ಗಂಟಿಕ್ಕಲು ಹೋದರೆ ಆಗಲಿಲ್ಲ. ಎರಡು ವಾರಕ್ಕೆ ಗೆರೆ ಮುಕ್ಕಾಲು ಪಾಲು ಹೋಗಿತ್ತು. ಪೂರ್ತಿ ಹೋಗಲಿಲ್ಲ, ಮುಖ ಸುಮ್ಮನಿದ್ದಾಗಲೂ ಕಾಣುವಷ್ಟು ಹಳೆಯ ಗೆರೆ ಪೂರ್ತಿ ಹೋಗುವುದು ಕಷ್ಟ. ಮುಖ ಕಲ್ಲಿನಂತಾಗುತ್ತೆ ಅಂತ ಹೆದರಿದ್ದೆ. ಕಣ್ಣಿನ ಪಕ್ಕ, ಹಣೆಗೆ ಬೇಡ ಅಂದಿದ್ದರಿಂದ ಹಾಗಾಗಲಿಲ್ಲ, ನಗು ನನ್ನದೇ ಇತ್ತು. ನಾಲ್ಕನೇ ತಿಂಗಳಿಗೆ ಗೆರೆ ಮತ್ತೆ ಬಂತು. ವರ್ಷಕ್ಕೆ ಮೂರು ಸಲ ಅಂದರೆ 21,000. ಬೇರೆ ಕಡೆ ಯೂನಿಟ್ ಅಗ್ಗ ಅಂದರೆ ಯಾವ ಕಂಪನಿಯದ್ದು ಅಂತ ಕೇಳಿ. ಒಂದು ಕಂಪನಿಯ ಯೂನಿಟ್ಟೂ ಇನ್ನೊಂದರದ್ದೂ ಸಮ ಅಲ್ಲ.

ಬೊಟಾಕ್ಸ್ ಖುಷಿ ಕೊಟ್ಟ ಜೋರಿನಲ್ಲೇ ಫಿಲ್ಲರ್ ಹಾಕಿಸಿಕೊಂಡೆ. ಮೂಗಿನ ಪಕ್ಕದಿಂದ ಬಾಯಿಯವರೆಗೆ ಇಳಿಯುವ ಗೆರೆಗೆ 1 ಎಂಎಲ್, 24,000 ರೂಪಾಯಿ. ಒಂದು ಟೀ ಚಮಚದ ಐದನೇ ಒಂದು ಭಾಗ ಅದು. ಹಯಲುರಾನಿಕ್ ಆಸಿಡ್ ಅನ್ನೋ ಜೆಲ್. ಕಾಯಬೇಕಿಲ್ಲ, ಎದ್ದು ಕನ್ನಡಿ ನೋಡಿದರೆ ಗುಳಿ ತುಂಬಿರುತ್ತೆ. ಬೊಟಾಕ್ಸಿಗಿಂತ ಹೆಚ್ಚು ದಿನ ಬಾಳುತ್ತೆ, ನನಗೆ 11 ತಿಂಗಳು ಬಂತು. ಹತ್ತು ದಿನ ನೀಲಿ ಕಲೆ ಇತ್ತು, ಮದುವೆ ಮನೆಗೆ ಹೋಗಲಾಗಲಿಲ್ಲ. ಅದು ದೊಡ್ಡ ಮಾತಲ್ಲ. ಸಹಿ ಹಾಕಿದ ಕಾಗದವನ್ನು ಮನೆಗೆ ಬಂದು ಸರಿಯಾಗಿ ಓದಿದೆ. ಜೆಲ್ ಅಪ್ಪಿತಪ್ಪಿ ರಕ್ತನಾಳದೊಳಗೆ ಹೋದರೆ ಚರ್ಮ ಸಾಯಬಹುದು, ಅಪರೂಪಕ್ಕೆ ಕಣ್ಣೇ ಹೋಗಬಹುದು. ಕರಗಿಸಲು ಹಯಲುರೋನಿಡೇಸ್ ಅನ್ನೋ ಔಷಧಿ ಇದೆ, ಅದು ಕ್ಲಿನಿಕ್ಕಿನಲ್ಲಿ ಕೈಗೆಟಕುವಂತೆ ಇರಲೇಬೇಕು. ಚುಚ್ಚಿದ ಕೂಡಲೇ ಜಾಗ ಬಿಳುಚಿದರೆ, ತಡೆಯಲಾಗದ ನೋವಾದರೆ ಒಂದು ಗಳಿಗೆಯೂ ಕಾಯಬಾರದು. ನನಗೆ ಏನೂ ಆಗಲಿಲ್ಲ. ಆದರೂ ನಗುವಾಗ ಎಲ್ಲರಿಗೂ ಬೀಳುವ ಒಂದು ಗೆರೆಗಾಗಿ ಅಷ್ಟು ಅಪಾಯ ಮತ್ತೆ ತಲೆ ಮೇಲೆ ಹಾಕಿಕೊಳ್ಳಲಾರೆ. ಕೆನ್ನೆ ತೀರಾ ಒಳಗೆ ಹೋದವರ ಲೆಕ್ಕ ಬೇರೆ ಇರಬಹುದು.

ಡಾಕ್ಟರ್ ಹತ್ತಿರ ಪೀಲ್ ಮತ್ತೆ ಮಾಡಿಸಿದೆ, ಹೆದರುತ್ತಲೇ. ಅದೇ ಗ್ಲೈಕೋಲಿಕ್, ಆದರೆ 30 ಪರ್ಸೆಂಟಿನಿಂದ ಶುರು. ಎರಡು ವಾರ ಮುಂಚೆ ಚರ್ಮ ಪಳಗಿಸಲು ಕ್ರೀಮ್. ಐದು ದಿನ ಮೊದಲೇ ಟ್ರೆಟಿನೋಯಿನ್ ನಿಲ್ಲಿಸಿದರು. ಗಡಿಯಾರ ನೋಡಿಕೊಂಡೇ ಹಚ್ಚಿ, ಅಡುಗೆ ಸೋಡಾ ದ್ರಾವಣದಿಂದ ಒರೆಸಿದರು. ಆರು ಸಿಟ್ಟಿಂಗ್, ತಲಾ 2,500. ಪಾರ್ಲರ್ ಕೊಟ್ಟ ಕಲೆಯ ಉಳಿಕೆ ಹೋಯಿತು, ಮುಖಕ್ಕೆ ತೊಳೆದಿಟ್ಟಂಥ ಕಳೆ ಬಂತು. ಸುಕ್ಕಿಗೆ ಮಾತ್ರ ಏನೂ ಆಗಲಿಲ್ಲ.

ಮೈಕ್ರೋನೀಡ್ಲಿಂಗ್ ನಾಲ್ಕು ಸಲ, ಒಂದಕ್ಕೆ 5,000. ಮರಗಟ್ಟಿಸುವ ಕ್ರೀಮ್ ಹಚ್ಚಿ ಮುಕ್ಕಾಲು ಗಂಟೆ ಬಿಟ್ಟು, 1.5 ಮಿಲಿಮೀಟರ್ ಸೂಜಿಗಳಿಂದ ಮುಖವೆಲ್ಲ ಚುಚ್ಚುತ್ತಾರೆ. ಗಾಯ ಮಾಯುವಾಗ ಚರ್ಮ ಹೊಸ ಕೊಲಾಜೆನ್ ಕಟ್ಟುತ್ತೆ, ಅದು ಚರ್ಮವನ್ನು ಬಿಗಿಯಾಗಿಡುವ ಪ್ರೋಟೀನ್. ಎರಡು ಸಲ ನನ್ನದೇ ರಕ್ತ ತೆಗೆದು ಯಂತ್ರದಲ್ಲಿ ತಿರುಗಿಸಿ ಪಿಆರ್‌ಪಿ, ಅಂದರೆ ಪ್ಲೇಟ್‌ಲೆಟ್ ಹೆಚ್ಚಿರುವ ರಕ್ತದ ತಿಳಿ, ಹಚ್ಚಿದರು, ಅದಕ್ಕೆ 2,000 ಜಾಸ್ತಿ. ಹಚ್ಚಿದ್ದಕ್ಕೂ ಹಚ್ಚದ್ದಕ್ಕೂ ನನಗಂತೂ ವ್ಯತ್ಯಾಸ ಕಾಣಲಿಲ್ಲ. ಕಾಲೇಜು ದಿನಗಳ ಮೊಡವೆ ಗುಳಿಗಳು ಮಾತ್ರ ನಿಜಕ್ಕೂ ಕಡಿಮೆಯಾದವು. ಗುಳಿ ಇರುವವರಿಗೆ ಧೈರ್ಯವಾಗಿ ಹೇಳುತ್ತೇನೆ, ಬರೀ ಸುಕ್ಕಿಗೆ ಬೇಡ. ಆನ್‌ಲೈನಿನಲ್ಲಿ ರೋಲರ್ ತರಿಸಿ ಮನೆಯಲ್ಲಿ ಉಜ್ಜಿಕೊಳ್ಳುವುದಂತೂ ಬೇಡವೇ ಬೇಡ.

ಈಗ ನಾನು ಉಳಿಸಿಕೊಂಡಿರುವುದು ಎರಡು. ರಾತ್ರಿಯ ಟ್ಯೂಬ್ ಮತ್ತು ಸನ್‌ಸ್ಕ್ರೀನ್ ಪ್ರತಿದಿನ: ಎರಡು ತಿಂಗಳಿಗೊಂದು ಟ್ಯೂಬ್ 250, ತಿಂಗಳಿಗೊಂದು ಸನ್‌ಸ್ಕ್ರೀನ್ 600, ವರ್ಷಕ್ಕೆ 8,700. ಬೊಟಾಕ್ಸ್ ಮೂರು ಸಲದ ಬದಲು ಒಂದೇ ಸಲ, ಹೊಸ ಮಕ್ಕಳು ಕ್ಲಾಸಿಗೆ ಬರುವ ಮುಂಚೆ.

ಹೋದ ತಿಂಗಳು ನಮ್ಮ ಅಕ್ಕ ಫೋನ್ ಮಾಡಿ, ಅವರ ಊರಿನಲ್ಲಿ ಯಾರೋ ಅರ್ಧ ರೇಟಿಗೆ ಬೊಟಾಕ್ಸ್ ಹಾಕುತ್ತಾರಂತೆ, ಹೋಗಲಾ ಅಂದಳು. ಗೋಡೆ ಮೇಲೆ ಕೆಪಿಎಂಇ ನೋಂದಣಿ ಪತ್ರ, ಅಂದರೆ ಖಾಸಗಿ ಕ್ಲಿನಿಕ್ಕುಗಳಿಗೆ ಕರ್ನಾಟಕದಲ್ಲಿ ಕೊಡುವ ಸರ್ಕಾರಿ ನೋಂದಣಿ, ಇದೆಯಾ ನೋಡು ಅಂದೆ. ಚುಚ್ಚುವವರು ಚರ್ಮದ ವಿಷಯದಲ್ಲಿ ಎಂಡಿ ಅಥವಾ ಡಿಪ್ಲೊಮಾ ಮಾಡಿದ್ದಾರಾ ಕೇಳು. ಬಾಟಲಿಯನ್ನು ನಿನ್ನ ಎದುರಿಗೇ ಫ್ರಿಜ್ಜಿನಿಂದ ತೆಗೆದು ಕಂಪನಿ ಹೆಸರು, ತಾರೀಖು ತೋರಿಸಲಿ. ತೋರಿಸಲು ಹಿಂದೆಮುಂದೆ ನೋಡಿದರೆ ಅಲ್ಲಿಂದಲೇ ಎದ್ದು ಬಾ ಅಕ್ಕ, ರೈಲು ಹತ್ತಿ ನನ್ನ ಹತ್ತಿರ ಬಾ, ನಾನೇ ಕರೆದುಕೊಂಡು ಹೋಗುತ್ತೇನೆ ಅಂದೆ.